ಕಲ್ಪಭೇದಕ್ಕೆ ಮೊದಲು ಕೈತಪ್ಪು ನೋಡಿ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ 'ದಿ ಸಿಂಪ್ಸನ್ಸ್' ಕಾರ್ಟೂನ್ ಧಾರಾವಾಹಿಯ ಬಗ್ಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆವು. ಧಾರಾವಾಹಿಯ ಮನೆಯ ಯಜಮಾನ ಹೋಮರ್ 1993ರಿಂದ ಕೋಮಾದಲ್ಲಿದ್ದಾನೆ, ಆಮೇಲಿನ ಕಂತುಗಳೆಲ್ಲ ಅವನ ಕನಸು, ಮಕ್ಕಳಿಗೆ ವಯಸ್ಸಾಗದಿರುವುದಕ್ಕೆ ಅದೇ ಕಾರಣ ಎಂದು ಅದರಲ್ಲಿ 'ಕೊನೆಗೂ ಬಯಲಾದ ಗುಟ್ಟು' ಎನ್ನುವ ಹಾಗೆ ಅಚ್ಚಾಗಿದೆ. ಅದು ಅಭಿಮಾನಿಗಳು ಕಟ್ಟಿದ ಊಹೆ. ಬಹುಕಾಲ ಧಾರಾವಾಹಿಯ ಮೇಲ್ವಿಚಾರಣೆ ನೋಡಿಕೊಂಡ ಅಲ್ ಜೀನ್ ಅವರು ಅದನ್ನು ಬಹಿರಂಗವಾಗಿಯೇ ತಳ್ಳಿಹಾಕಿದ್ದಾರೆ. ಅವರು ಇಲ್ಲವೆಂದರು ಎಂಬ ಒಂದೇ ಕಾರಣಕ್ಕೆ ಊಹೆಯನ್ನು ಬಿಡಬೇಕಾಗಿಯೂ ಇಲ್ಲ. ಕಂತುಗಳನ್ನೇ ಮುಂದಿಟ್ಟುಕೊಂಡು ಪರೀಕ್ಷೆ ಮಾಡಬಹುದು. ಆ ಪರೀಕ್ಷೆ ಹೇಗೆ ಎನ್ನುವುದನ್ನು ತಮ್ಮ ಓದುಗರಿಗೆ, ಮುಖ್ಯವಾಗಿ ನಮ್ಮೂರಿನಲ್ಲಿ ಅನಿಮೇಷನ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ, ಬಿಡಿಸಿ ಹೇಳೋಣವೆಂದು ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕ್ಷಮೆ ಇರಲಿ.

ಮೈಸೂರಿಗೆ ಈ ಕೆಲಸ ಹೊಸದಲ್ಲ. 1891ರಲ್ಲಿ ಶುರುವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಓಲೆಗರಿಗಳಿಂದ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೊರತೆಗೆದು 1909ರಲ್ಲಿ ಅಚ್ಚು ಹಾಕಿಸಿದ್ದು ಈ ಊರಿನಲ್ಲಿ. ಓಲೆ ಓದುವವರಿಗೆ ಒಂದು ಸಾಲು ಇನ್ನೊಂದಕ್ಕೆ ಹೊಂದದಿದ್ದರೆ ಕವಿಗಿಂತ ಮೊದಲು ಲಿಪಿಕಾರನ ಮೇಲೆ ಅನುಮಾನ. 'ದ' ಇರಬೇಕಾದ ಕಡೆ 'ಥ' ಬರೆದನೇ? ಒಂದೇ ಪದ ಎರಡು ಸಾಲಿನಲ್ಲಿ ಬಂದದ್ದರಿಂದ ಕಣ್ಣು ಜಾರಿ ನಡುವಿನ ಸಾಲು ಬಿಟ್ಟನೇ? ಓಲೆಗಳ ಕ್ರಮ ಕದಲಿತೇ? ನಡುವೆ ಯಾರಾದರೂ ತಮ್ಮದೊಂದು ಪದ್ಯ ಸೇರಿಸಿದರೇ? ಇದ್ಯಾವುದೂ ಅಲ್ಲವೆಂದು ಖಾತ್ರಿಯಾದ ಮೇಲೆ ಅರ್ಥವಿವರಣೆ. ಪುರಾಣ ಪ್ರವಚನದಲ್ಲಿ ಇನ್ನೊಂದು ದಾರಿಯಿದೆ. ಆ ಪುರಾಣದಲ್ಲಿ ಹಾಗೆ, ಈ ಪುರಾಣದಲ್ಲಿ ಹೀಗೆ ಇದೆಯಲ್ಲ ಎಂದು ಕೇಳಿದರೆ, ಅದು ಬೇರೆ ಕಲ್ಪದಲ್ಲಿ, ಅಂದರೆ ಸೃಷ್ಟಿಯ ಬೇರೊಂದು ಸುತ್ತಿನಲ್ಲಿ, ನಡೆದದ್ದು ಎನ್ನುತ್ತಾರೆ. ಕಲ್ಪಭೇದ ಎಂದ ಕೂಡಲೆ ಎರಡು ಕಥೆಯೂ ನಿಜವಾಗಿ ಉಳಿಯುತ್ತವೆ. ಕನಸು, ಸಮಾನಾಂತರ ಲೋಕ, ಮತ್ತೆ ಮತ್ತೆ ತಿರುಗುವ ಕಾಲ ಎಂದು ಅಭಿಮಾನಿಗಳು ಕಟ್ಟುವ ಊಹೆಗಳು ಈ ಕಲ್ಪಭೇದದ ವಂಶದವು. ಅವು ನಮಗೂ ಪ್ರಿಯವೇ. ಆದರೆ ಲಿಪಿಕಾರನ ಕೈತಪ್ಪನ್ನು ಹುಡುಕುವ ಮೊದಲೇ ಕಲ್ಪಭೇದಕ್ಕೆ ಹಾರಿದರೆ ಒಂದು ಬಣ್ಣದ ಡಬ್ಬಿಯ ತಪ್ಪಿಗೆ ಇಡೀ ಬ್ರಹ್ಮಾಂಡವನ್ನು ಹೊಣೆ ಮಾಡಿದಂತಾಗುತ್ತದೆ.

ಕೈತಪ್ಪಿಗೆ ಈ ಧಾರಾವಾಹಿಯಲ್ಲಿ ಎಷ್ಟು ಜಾಗವಿದೆ ನೋಡಿ. ಮ್ಯಾಟ್ ಗ್ರೇನಿಂಗ್ ಅವರು ಸೃಷ್ಟಿಸಿದ ಈ ಕುಟುಂಬ 1987ರ ಏಪ್ರಿಲ್ 19ರಂದು ಟ್ರೇಸಿ ಉಲ್ಮನ್ ಅವರ ಹಾಸ್ಯ ಕಾರ್ಯಕ್ರಮದ ನಡುವಿನ ತುಣುಕಾಗಿ ಬಂತು. ಅಂಥ 48 ತುಣುಕುಗಳಾದ ಮೇಲೆ 1989ರ ಡಿಸೆಂಬರ್ 17ರಂದು ಅರ್ಧ ಗಂಟೆಯ ಧಾರಾವಾಹಿಯಾಯಿತು. ಈಗ 750 ಕಂತು ದಾಟಿದೆ. ಜಾಹೀರಾತು ಕಳೆದರೆ ಕಂತು ಸುಮಾರು 22 ನಿಮಿಷ. ಸೆಕೆಂಡಿಗೆ 24 ಫ್ರೇಮ್‌ನಂತೆ 31,680 ಫ್ರೇಮ್. ಒಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಒಂದೇ ಕಂತಿಗೆ 15,840 ಸಲ ಚಿತ್ರ ಬದಲಾಗುವ ಅವಕಾಶ. ಬರಹಗಾರರ ಕೋಣೆಯಲ್ಲಿ ಕಥೆ, ನಟರ ಓದು, ಧ್ವನಿಮುದ್ರಣ, ಸ್ಟೋರಿಬೋರ್ಡ್, ಕರಡು ಚಿತ್ರಗಳನ್ನು ಧ್ವನಿಗೆ ಜೋಡಿಸಿದ ಅನಿಮ್ಯಾಟಿಕ್, ಪ್ರತಿ ಶಾಟ್‌ನಲ್ಲಿ ಯಾವುದು ಎಲ್ಲಿರಬೇಕೆಂದು ಬರೆಯುವ ಲೇಔಟ್ ಇವೆಲ್ಲ ಅಮೆರಿಕದಲ್ಲಿ. ನಡುವಿನ ಚಿತ್ರಗಳನ್ನು ಬರೆದು ಬಣ್ಣ ತುಂಬುವ ದೊಡ್ಡ ದುಡಿಮೆ ದಕ್ಷಿಣ ಕೊರಿಯಾದಲ್ಲಿ. ಕಂಪ್ಯೂಟರಿನಲ್ಲಿ ಬಣ್ಣ ತುಂಬುವ ಪದ್ಧತಿ ಕಾಯಂ ಆಗಿದ್ದು 2002ರಲ್ಲಿ. ಅಲ್ಲಿಯವರೆಗೆ ಪಾರದರ್ಶಕ ಹಾಳೆಗಳ ಮೇಲೆ ಕೈಯಲ್ಲೇ ಬಣ್ಣ.

ಇಷ್ಟು ಗೊತ್ತಿದ್ದರೆ ತಪ್ಪು ಎಲ್ಲಿ ಹುಟ್ಟಿತೆಂದು ಹೇಳುವುದು ಕಷ್ಟವಲ್ಲ. ತಪ್ಪು ಬಣ್ಣ ಕಂತಿನ ಆದಿಯಿಂದ ಅಂತ್ಯದವರೆಗೆ ಒಂದೇ ಸಮನಾಗಿ ಇದ್ದರೆ ತಪ್ಪಿದ್ದು ಬಣ್ಣದ ಪಟ್ಟಿಯಲ್ಲಿ, ಅಂದರೆ ಯಾವ ಅಂಗಕ್ಕೆ ಯಾವ ಬಣ್ಣ ಎಂದು ಎಲ್ಲರಿಗೂ ಕೊಡುವ ಮೂಲ ಚೀಟಿಯಲ್ಲಿ. ಅರ್ಧ ಸೆಕೆಂಡು ಮಿಂಚಿ ಹೋದರೆ ಕೆಲವೇ ಹಾಳೆಗಳ ತಪ್ಪು. ಒಂದು ಶಾಟ್‌ನಲ್ಲಿ ಇದ್ದ ಲೋಟ ಮುಂದಿನ ಶಾಟ್‌ನಲ್ಲಿ ಇಲ್ಲದೆ, ಅದರ ಮುಂದಿನ ಶಾಟ್‌ನಲ್ಲಿ ಮರಳಿ ಬಂದರೆ ಲೇಔಟ್ ನೋಡಬೇಕು. ಪಕ್ಕಪಕ್ಕದ ಶಾಟ್‌ಗಳು ಬೇರೆ ಬೇರೆ ಕೈಗೆ ಹೋಗಿರುತ್ತವೆ. ಫ್ರೇಮ್ ನಿಲ್ಲಿಸಿ ಒಂದೊಂದಾಗಿ ಸರಿಸಿದರೆ ಐದು ನಿಮಿಷದ ಕೆಲಸ.

ಸ್ಮಿದರ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಣುಸ್ಥಾವರದ ಒಡೆಯ ಬರ್ನ್ಸ್‌ನ ಈ ಆಪ್ತ ಸಹಾಯಕನ ದನಿ ಮೊದಲ ಕಂತಿನಲ್ಲಿ ಧ್ವನಿವರ್ಧಕದಲ್ಲಿ ಕೇಳುತ್ತದೆ ಅಷ್ಟೆ. ಮುಖ ಕಾಣಿಸಿದ್ದು 1990ರ ಜನವರಿ 21ರ ಕಂತಿನಲ್ಲಿ. ಅಲ್ಲಿ ಅವನ ಮೈ ಕಂದು, ಕೂದಲು ನೀಲಿ. ಆಮೇಲಿನ ಕಂತುಗಳಲ್ಲಿ ಎಲ್ಲರಂತೆ ಹಳದಿ. ಇದಕ್ಕೆ, ಅವನು ಆಗತಾನೆ ಕಡಲತೀರದ ರಜೆ ಮುಗಿಸಿ ಬಂದಿದ್ದ, ಬಿಸಿಲಿಗೆ ಮೈ ಕಂದಿತ್ತು ಎಂದು ಕಾರಣ ಕೊಟ್ಟದ್ದೂ ಉಂಟು. ಕೇಳಲು ಚೆನ್ನಾಗಿದೆ, ಕೂದಲೂ ನೀಲಿಯಾದದ್ದು ಯಾವ ಬಿಸಿಲಿಗೆ ಎನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ಬಣ್ಣ ಕಂತಿನುದ್ದಕ್ಕೂ ಒಂದೇ ಥರ ಇದೆ, ಆದ್ದರಿಂದ ಪಟ್ಟಿಯ ತಪ್ಪು. ತಯಾರಕರೂ ಅದನ್ನು ಬಣ್ಣದ ತಪ್ಪೆಂದೇ ಒಪ್ಪಿದ್ದಾರೆ. ಹೋಮರ್‌ನ ಗೆಳೆಯ ಬಾರ್ನಿಯ ಕೂದಲು ಆರಂಭದಲ್ಲಿ ಮೈಯ ಹಳದಿಯೇ ಆಗಿದ್ದು ಆಮೇಲೆ ಕಂದಾದದ್ದು ಮಾತ್ರ ಬೇರೆ ಜಾತಿಯದು. ಅಲ್ಲಿ ಯಾರ ಕೈಯೂ ತಪ್ಪಿಲ್ಲ, ವಿನ್ಯಾಸವನ್ನು ಬೇಕೆಂದೇ ಬದಲಾಯಿಸಿದರು. ಈ ಎರಡನ್ನು ಒಂದೇ ಪಟ್ಟಿಗೆ ಸೇರಿಸುವುದು ನೋಡುಗರು ಸಾಮಾನ್ಯವಾಗಿ ಮಾಡುವ ತಪ್ಪು.

ಓಲೆಗಳ ಕ್ರಮ ಕದಲುವುದೂ ಇಲ್ಲಿದೆ. ಮೊದಲ ಸೀಸನ್ನಿನ 13 ಕಂತುಗಳಿಗೆ 7ಜಿ01ರಿಂದ 7ಜಿ13ರವರೆಗೆ ನಿರ್ಮಾಣ ಸಂಖ್ಯೆ. 7ಜಿ01 ಕೊರಿಯಾದಿಂದ ಬಂದಾಗ ಚಲನೆ ಎಷ್ಟು ಕೆಟ್ಟಿತ್ತೆಂದರೆ ಅದರ ಹೆಚ್ಚು ಪಾಲನ್ನು ಮತ್ತೆ ಮಾಡಬೇಕಾಯಿತು. ಹಾಗಾಗಿ 1989ರ ಶರತ್ಕಾಲದಲ್ಲಿ ಶುರುವಾಗಬೇಕಿದ್ದ ಧಾರಾವಾಹಿ ತಡವಾಯಿತು, ಕ್ರಿಸ್‌ಮಸ್ ಕಥೆಯಾದ 7ಜಿ08 ಮೊದಲು ಬಂತು, 7ಜಿ01 ಕೊನೆಗೆ ಹೋಗಿ 1990ರ ಮೇ 13ರಂದು ಪ್ರಸಾರವಾಯಿತು. ಪ್ರಸಾರದ ಕ್ರಮದಲ್ಲಿ ನೋಡಿದವರಿಗೆ ಪಾತ್ರಗಳ ಮುಖವೂ ಗುಣವೂ ಹಿಂದಕ್ಕೂ ಮುಂದಕ್ಕೂ ಓಲಾಡಿದಂತೆ ಕಾಣುವುದು ಇದರಿಂದ. 7ಜಿ04ರಲ್ಲಿ ಮನೆಯವರ ನಡತೆಗೆ ನಾಚಿಕೊಳ್ಳುವವನು ಹೋಮರ್. ಎಲ್ಲರೆದುರು ಕುಡಿದು ಅಮಲೇರಿಸಿಕೊಳ್ಳುವವಳು ಅವನ ಹೆಂಡತಿ ಮಾರ್ಜ್! ಇವರಿಬ್ಬರ ಸ್ವಭಾವ ಅದಲುಬದಲಾಗಿದೆಯೆಂದು ಸಮಾನಾಂತರ ಲೋಕದ ಊಹೆ ಕಟ್ಟಿದವರಿದ್ದಾರೆ. ನಿರ್ಮಾಣ ಸಂಖ್ಯೆ ನೋಡಿದರೆ ಸಾಕು. ಅದು ಪಾತ್ರಗಳಿನ್ನೂ ಗಟ್ಟಿಯಾಗದ ಕಾಲದ, ತಯಾರಾದ ಕ್ರಮದಲ್ಲಿ ನಾಲ್ಕನೆಯ ಕಥೆ.

ಇನ್ನೊಂದು ಬಗೆಯ ತಪ್ಪು ನೋಡುವ ಸಾಧನದಿಂದಲೇ ಬರುತ್ತದೆ. 2009ರ ಫೆಬ್ರವರಿಯವರೆಗಿನ ಕಂತುಗಳು ಹಳೆಯ ಟಿ.ವಿ.ಯ 4:3 ಅಳತೆಯವು. ಅವನ್ನು 16:9ರ ಅಗಲ ಪರದೆಗೆ ತುಂಬಿಸಿದರೆ ಮೇಲೆ ಕೆಳಗೆ ಸೇರಿ ಚಿತ್ರದ ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ. 2019ರ ನವೆಂಬರ್‌ನಲ್ಲಿ ಡಿಸ್ನಿ ಪ್ಲಸ್ ಹೀಗೆ ಕತ್ತರಿಸಿಯೇ ತೋರಿಸಿತು. ಮೂಲ ಅಳತೆಯ ಆಯ್ಕೆ ಕೊಟ್ಟಿದ್ದು 2020ರ ಮೇನಲ್ಲಿ. ಸೀಸನ್ 4ರ ಬಿಯರ್ ಕಾರ್ಖಾನೆಯ ದೃಶ್ಯದಲ್ಲಿ ಡಫ್, ಡಫ್ ಲೈಟ್, ಡಫ್ ಡ್ರೈ ಎಂಬ ಮೂರು ತೊಟ್ಟಿಗೂ ಮೇಲಿನ ಒಂದೇ ಕೊಳವೆಯಿಂದ ಒಂದೇ ಬಿಯರ್ ಇಳಿಯುತ್ತದೆ. ಹಾಸ್ಯವಿರುವುದೇ ಆ ಕೊಳವೆಯಲ್ಲಿ. ಕತ್ತರಿಸಿದ ಚಿತ್ರದಲ್ಲಿ ಕೊಳವೆಯೇ ಕಾಣದು. ಇಂಥ ಕಡೆ ಏನೋ ಬಿಟ್ಟುಹೋಗಿದೆ ಎಂದು ತಯಾರಕರನ್ನು ದೂರುವ ಮೊದಲು ಪರದೆಯ ಎಡಬಲಕ್ಕೆ ಕಪ್ಪು ಪಟ್ಟಿ ಇದೆಯೇ ಎಂದು ನೋಡಿಕೊಳ್ಳಬೇಕು. ಇದ್ದರೆ ಪೂರ್ತಿ ಚಿತ್ರ. ಸೀಸನ್ 3ರ ಮೊದಲ ಕಂತನ್ನು 2019ರ ಮಾರ್ಚ್‌ನಿಂದ ಹಿಂತೆಗೆದುಕೊಂಡಿರುವುದರಿಂದ ಕಂತುಗಳ ಎಣಿಕೆಯೂ ಕೆಲವೆಡೆ ಹೊಂದುವುದಿಲ್ಲ. ಅದಕ್ಕೇ ನಾವು ದಿನಾಂಕವನ್ನೂ ಹಿಡಿಯುವುದು.

ಬರಹಗಾರರ ಮರೆವಿನವು ಬಹಳ ಇವೆ, ಅವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎವರ್‌ಗ್ರೀನ್ ಟೆರೇಸ್ ಬೀದಿಯಲ್ಲಿ ಈ ಕುಟುಂಬದ ಮನೆ ನಂಬರ್ 742 ಎಂದು ನೆಲೆಯಾಗುವ ಮೊದಲು 94, 1094 ಎಂದೆಲ್ಲ ಬಂದಿದೆ. ಹಜಾರದ ಹಿಂದಿನ ಆಟದ ಕೋಣೆ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಮನೆ ಬದಲಾಯಿಸಿದರು, ಗೋಡೆ ಒಡೆಸಿದರು ಎಂಬ ಊಹೆಗಳು ಒಂದು ಸಂಖ್ಯೆಗೆ ಒಂದು ಕಥೆಯಂತೆ ಬೆಳೆಯುತ್ತವೆಯೇ ಹೊರತು ಮತ್ತೇನನ್ನೂ ವಿವರಿಸುವುದಿಲ್ಲ.

ಹಳೆಯ ಕರಡಿನ ಕುರುಹುಗಳು ಹೆಚ್ಚು ರುಚಿಯಾದವು. ಕೋಡಂಗಿ ಕ್ರಸ್ಟಿಯ ಮೈಕಟ್ಟು ಹೋಮರ್‌ನದೇ ಪಡಿಯಚ್ಚು. ಇಬ್ಬರೂ ಅಣ್ಣತಮ್ಮಂದಿರು ಎಂಬಲ್ಲಿಂದ ಶುರುವಾಗಿ ಹಲವು ಊಹೆಗಳಿವೆ. ಕ್ರಸ್ಟಿಯೇ ವೇಷ ಹಾಕಿದ ಹೋಮರ್, ತಂದೆಯನ್ನು ಲೆಕ್ಕಕ್ಕಿಡದ ಮಗ ಅದೇ ತಂದೆಯನ್ನು ಕೋಡಂಗಿಯ ರೂಪದಲ್ಲಿ ಆರಾಧಿಸುತ್ತಾನೆ, ಇದು ಗ್ರೇನಿಂಗ್ ಅವರ ಮೂಲ ಯೋಚನೆಯಾಗಿತ್ತು. ಯೋಚನೆ ಬಿಟ್ಟರು, ಆಕಾರ ಉಳಿಯಿತು. ಮಾರ್ಜ್‌ಳ ಎತ್ತರದ ನೀಲಿ ಮುಡಿಯೊಳಗೆ ಮೊಲದ ಕಿವಿಗಳಿವೆ ಎಂಬ ಇನ್ನೊಂದು ಕೈಬಿಟ್ಟ ಯೋಚನೆ 1991ರ ಆರ್ಕೇಡ್ ಆಟದಲ್ಲಿ ಇಣುಕಿದೆ. ಇಂಥ ಕಡೆ ಅಭಿಮಾನಿಗಳ ಮೂಗು ಸರಿಯಾದ ವಾಸನೆಯನ್ನೇ ಹಿಡಿದಿತ್ತು. ಹೋಲಿಕೆ ಆಕಸ್ಮಿಕವಲ್ಲ ಎಂಬ ಅವರ ಗ್ರಹಿಕೆ ನಿಜ, ಕೊಟ್ಟ ಕಾರಣ ಮಾತ್ರ ಬೇರೆ.

ಈಗ ಕಾಲದ ವಿಷಯ. ಇದು ಎಲ್ಲಕ್ಕಿಂತ ದೊಡ್ಡದು, ಕೋಮಾ ಊಹೆ ಹುಟ್ಟಿದ್ದೂ ಇದರಿಂದ.

ಹೋಮರ್‌ನ ಮಗ ಬಾರ್ಟ್‌ಗೆ 10, ಮಗಳು ಲೀಸಾಗೆ 8, ಕಿರಿಯವಳು ಮ್ಯಾಗಿ ತೊದಲದ ಕೂಸು. 1989ರಿಂದ ಹೀಗೇ. 1991ರ ಜನವರಿ 31ರ ಕಂತಿನಲ್ಲಿ ಹೋಮರ್ ಮತ್ತು ಮಾರ್ಜ್ 1974ರಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿರುತ್ತಾರೆ. ಹೋಮರ್‌ನ ಡ್ರೈವಿಂಗ್ ಲೈಸೆನ್ಸ್ ಒಂದು ಕಂತಿನಲ್ಲಿ ಕಾಣುತ್ತದೆ. ಹುಟ್ಟಿದ್ದು 1956ರ ಮೇ 12. ಅಲ್ಲಿಗೆ 1974ರಲ್ಲಿ 18. ಲೈಸೆನ್ಸ್ ಕಂಡ ಕಂತು 1993ರ ಫೆಬ್ರವರಿಯದು, ಆಗ ಲೆಕ್ಕಕ್ಕೆ 36. ಆರಂಭದ ಸೀಸನ್ನುಗಳಲ್ಲಿ ಅವನ ವಯಸ್ಸೆಂದು ಹೇಳುವುದೂ 36. ಇಲ್ಲಿಯವರೆಗೆ ಎಲ್ಲ ಕರಾರುವಾಕ್ಕು. 1991ರ ಡಿಸೆಂಬರ್ 26ರ ಕಂತಿನ ಪ್ರಕಾರ 1980ರ ಮೇ ತಿಂಗಳಲ್ಲಿ ತೆರೆಕಂಡ ಒಂದು ಸಿನಿಮಾ ನೋಡಿ ಬಂದ ಮೇಲೆ ಮಾರ್ಜ್ ಬಸುರಾಗುತ್ತಾಳೆ. ಅಂದರೆ ಬಾರ್ಟ್ ಹುಟ್ಟಿದ್ದು 1981ರ ಆರಂಭಕ್ಕಿಂತ ಮೊದಲಲ್ಲ, 1991ಕ್ಕೆ ಸರಿಯಾಗಿ 10. ಇದೂ ಸರಿ. 1992ರ ಡಿಸೆಂಬರ್ 3ರ ಕಂತಿನಲ್ಲಿ ಲೀಸಾ ಹುಟ್ಟುವುದು 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಸಮಯದಲ್ಲಿ. 1992ಕ್ಕೆ 8. ಇದೂ ಸರಿ.

ಬಿಡಿಯಾಗಿ ಎಲ್ಲ ಸರಿ. ಅಕ್ಕಪಕ್ಕ ಇಟ್ಟರೆ ಮಾತ್ರ ಅಣ್ಣ ತಂಗಿಯ ನಡುವೆ ಮೂರು ವರ್ಷಕ್ಕೂ ಮೀರಿದ ಅಂತರ ಬಂದುಬಿಡುತ್ತದೆ. ಇರಬೇಕಾದದ್ದು ಎರಡು. ಏಕೆಂದರೆ ಪ್ರತಿ ಕಂತಿನ ಬರಹಗಾರರೂ ತಮ್ಮ ಪ್ರಸಾರದ ವರ್ಷದಿಂದ ಹಿಂದಕ್ಕೆ ಎಣಿಸಿದ್ದಾರೆ. ಒಂಟಿಕೊಪ್ಪಲ್ ಪಂಚಾಂಗವನ್ನು ಮನೆಗೆ ತರುವ ಯಾರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಯಾ ಸಂವತ್ಸರಕ್ಕೆ ಆಯಾ ಪಂಚಾಂಗ. ಕಳೆದ ವರ್ಷದ್ದರಲ್ಲಿ ಈ ವರ್ಷದ ತಿಥಿ ಹುಡುಕುವವರಿಲ್ಲ. ಸಿಂಪ್ಸನ್ಸ್‌ನ ಪ್ರತಿ ಕಂತಿಗೂ ಪ್ರಸಾರದ ವರ್ಷವೇ ಪಂಚಾಂಗ. ಆ ವರ್ಷದಿಂದ 10 ಕಳೆದರೆ ಬಾರ್ಟ್ ಹುಟ್ಟಿದ ವರ್ಷ, 8 ಕಳೆದರೆ ಲೀಸಾಳದು. ಇದನ್ನು ಜಾರುವ ಕಾಲ ಎನ್ನೋಣ.

ಈ ಸೂತ್ರ ನಿಜವಾದರೆ ಮುಂದಿನದನ್ನೂ ಹೇಳಬಲ್ಲದಾಗಿರಬೇಕು. 2008ರ ಕಂತಿನಲ್ಲಿ ಬಾರ್ಟ್ ಹುಟ್ಟು 1998ಕ್ಕೆ ಬೀಳಬೇಕು, ಮಾರ್ಜ್ ಬಸುರಾದ ಮೇಲೆಯೇ ಮದುವೆಯಾದದ್ದರಿಂದ ಅದಕ್ಕೆ ಹಿಂದಿನ ವರ್ಷಗಳಲ್ಲಿ ತಂದೆತಾಯಿಗೆ ಮದುವೆ ಆಗಿರಬಾರದು. 2008ರ ಜನವರಿ 27ರ ಕಂತು ನೋಡಿ: 1990ರ ದಶಕದಲ್ಲಿ ಅವರಿಬ್ಬರಿಗೂ ಇನ್ನೂ ಮದುವೆಯಾಗಿಲ್ಲ, ಹೋಮರ್ ಆ ಕಾಲದ ಗ್ರಂಜ್ ಸಂಗೀತದ ತಂಡ ಕಟ್ಟಿಕೊಂಡಿದ್ದಾನೆ. 1974ರ ಕಥೆಯನ್ನು ಎದೆಗವಚಿಕೊಂಡಿದ್ದ ಹಳೆಯ ಅಭಿಮಾನಿಗಳು ಇದಕ್ಕೆ ಬಹಳ ಸಿಟ್ಟಾದರು. ಅವರ ನೋವು ನಮಗೆ ಅರ್ಥವಾಗುತ್ತದೆ, ಹಳೆಯ ಕಥೆಯೇ ಚೆಂದ. ಆದರೂ ಲೆಕ್ಕ ತಪ್ಪಿಲ್ಲ. 2021ರ ಮಾರ್ಚ್‌ನ ಒಂದು ಕಂತಿನಲ್ಲಿ ಹೋಮರ್ 1990ರ ದಶಕದಲ್ಲಿ ಹದಿಹರೆಯದ ಹುಡುಗ. ಈಗೀಗ ಅವನ ವಯಸ್ಸು 39 ಎನ್ನುತ್ತಾರೆ. 2021ರಲ್ಲಿ 39 ಕಳೆದರೆ 1982. ಹದಿಹರೆಯಕ್ಕೆಂದು 14 ಕೂಡಿಸಿದರೆ 1996. ಮತ್ತೆ ಸರಿ. ಜಾರುವ ಕಾಲದ ಸೂತ್ರ 1991ರ ಕಂತಿಗೂ 30 ವರ್ಷದ ನಂತರದ ಕಂತಿಗೂ ಹೊಂದುತ್ತದೆ. ಒಳ್ಳೆಯ ಊಹೆ ಎಂದರೆ ಇದು.

ಈ ಅಳತೆಗೋಲಿಗೆ ಕೋಮಾ ಊಹೆಯನ್ನು ಹಿಡಿದು ನೋಡೋಣ. ಮೊದಲು ಅದರ ಚೆಲುವನ್ನು ಒಪ್ಪಿಕೊಳ್ಳಬೇಕು. 1992ರ ಅಕ್ಟೋಬರ್ 8ರ ಕಂತಿನಲ್ಲಿ ಹೋಮರ್ ಕನಸಿನಲ್ಲಿ ದೇವರನ್ನು ಕಂಡು ಬದುಕಿನ ಅರ್ಥ ಕೇಳುತ್ತಾನೆ. ಸತ್ತ ಮೇಲೆ ಗೊತ್ತಾಗುತ್ತದೆ ಎಂದು ದೇವರ ಉತ್ತರ. ಅಷ್ಟು ಕಾಯಲಾರೆ ಎಂದರೆ, ಆರು ತಿಂಗಳೂ ಕಾಯಲಾರೆಯಾ ಎನ್ನುತ್ತಾನೆ. ಕೋಮಾ ಕಂತು ಬಂದಿದ್ದು 1993ರ ಏಪ್ರಿಲ್ 1ರಂದು. ಆರು ತಿಂಗಳಿಗೆ ಒಂದು ವಾರ ಕಮ್ಮಿ! ಈ ಎರಡು ತುದಿಯನ್ನು ಕೂಡಿಸಿ ಹೊಲಿದವರ ಕಣ್ಣು ಸೂಕ್ಷ್ಮವಾದದ್ದು.

ಹೊಲಿಗೆ ಬಿಚ್ಚುವುದು ಬೇರೆ ಕಡೆ. ಮಕ್ಕಳ ವಯಸ್ಸು ನಿಂತಿದ್ದು 1993ರ ನಂತರ ಎನ್ನುವುದು ಇದರ ಬುಡ. 1992ರ ಜನವರಿ 9ರ ಕಂತಿನಲ್ಲಿ ಬಾರ್ಟ್ ಹುಟ್ಟುಹಬ್ಬ ಆಚರಿಸಿಕೊಳ್ಳುತ್ತಾನೆ, ಆಮೇಲೂ 10ರಲ್ಲೇ ಇದ್ದಾನೆ. ವಯಸ್ಸು ನಿಂತದ್ದು ಕೋಮಾಕ್ಕೆ ಮೊದಲೇ, ಹೋಮರ್ ಎಚ್ಚರವಾಗಿದ್ದಾಗಲೇ. ಪ್ರಸಿದ್ಧರು ಸಾಲುಸಾಲಾಗಿ ಬರತೊಡಗಿದ್ದು ಕನಸಿನ ಲಕ್ಷಣ ಎನ್ನುವುದು ಎರಡನೆಯ ಆಧಾರ. 1992ರ ಫೆಬ್ರವರಿ 20ರ ಒಂದೇ ಕಂತಿನಲ್ಲಿ ಒಂಬತ್ತು ಮಂದಿ ನಿಜವಾದ ಬೇಸ್‌ಬಾಲ್ ಆಟಗಾರರು ಬಂದು ಸ್ಥಾವರದ ತಂಡಕ್ಕೆ ಆಡಿಹೋಗಿದ್ದಾರೆ. ಅದೂ ಕೋಮಾಕ್ಕೆ ಮೊದಲು. ತಮ್ಮ ಪುರವಣಿಯಲ್ಲಿ ಬಿಯರ್ ಕ್ಯಾನ್ ಸಿಡಿದು ಕೋಮಾಕ್ಕೆ ಹೋದ ಎಂದಿದೆ. ಕಂತಿನಲ್ಲಿ ಹಾಗಿಲ್ಲ. ಬಾರ್ಟ್ ಪೇಂಟ್ ಅಂಗಡಿಯ ಕಲಕುವ ಯಂತ್ರದಲ್ಲಿ ಕುಲುಕಿಸಿಟ್ಟ ಕ್ಯಾನ್ ಸಿಡಿದು ಹೋಮರ್ ಆಸ್ಪತ್ರೆ ಸೇರುತ್ತಾನೆ ಅಷ್ಟೆ. ಅಲ್ಲಿ ಮಿಠಾಯಿ ಮಾರುವ ಯಂತ್ರವೊಂದು ಮೈಮೇಲೆ ಬಿದ್ದು ಕೋಮಾಕ್ಕೆ ಜಾರುತ್ತಾನೆ. ಅದೇ ಕಂತಿನ ಕೊನೆಯಲ್ಲಿ, ಬಾರ್ಟ್ ತಪ್ಪೊಪ್ಪಿಕೊಂಡ ಕೂಡಲೆ, ಎಚ್ಚರವೂ ಆಗುತ್ತಾನೆ. ಆ ಎಚ್ಚರವೂ ಕನಸೇ ಎಂದು ಊಹೆಯವರು ಹೇಳುತ್ತಾರೆ. ಹಾಗೆಂದ ಮೇಲೆ ಯಾವ ಸಾಕ್ಷ್ಯ ತಂದಿಟ್ಟರೂ ಅದು ಕನಸಿನೊಳಕ್ಕೇ ಹೋಗಿ ಬೀಳುತ್ತದೆ, ತಪ್ಪೆಂದು ತೋರಿಸುವ ದಾರಿಯೇ ಮುಚ್ಚಿಹೋಗುತ್ತದೆ. ಆ ಕಂತಿನ ರೂಪಕ್ಕೂ ಒಂದು ಹೊರಗಿನ ಕಾರಣವಿದೆ. ಅದು ಹಿಂದಿನ ಕಂತುಗಳ ತುಣುಕು ಪೋಣಿಸಿ ಖರ್ಚು ಉಳಿಸುವ ಕಂತು. ಹಾಸಿಗೆ ಹಿಡಿದವನ ಸುತ್ತ ಕೂತು ಹಳೆಯದನ್ನು ನೆನೆಯುವುದು ತುಣುಕು ಪೋಣಿಸಲು ಅನುಕೂಲವಾದ ನೆಪ.

ಅಣುಸ್ಥಾವರದ ವಿಕಿರಣದಿಂದ ಊರಿನವರಿಗೆ ವಯಸ್ಸಾಗುವುದಿಲ್ಲ ಎಂಬ ಊಹೆಯೂ ಚಲಾವಣೆಯಲ್ಲಿದೆ. ಕಿರಾಣಿ ಅಂಗಡಿಯ ಅಪು 1997ರಲ್ಲಿ ಮಂಜುಳಾಳನ್ನು ಮದುವೆಯಾಗಿ 1999ರಲ್ಲಿ ಎಂಟು ಮಕ್ಕಳ ತಂದೆಯಾದ. ಬಸಿರು, ಹೆರಿಗೆ ಎಲ್ಲ ಅದೇ ಊರಿನಲ್ಲಿ, ಅದೇ ಗಾಳಿಯಲ್ಲಿ. 2000ದ ಫೆಬ್ರವರಿ 13ರಂದು ನೆರೆಮನೆಯ ಮಾಡ್ ಫ್ಲಾಂಡರ್ಸ್ ಸತ್ತಳು, ಮರಳಿ ಬರಲಿಲ್ಲ. ಹುಟ್ಟು ಸಾವು ಎರಡೂ ನಡೆಯುವ ಊರಿನಲ್ಲಿ ವಯಸ್ಸನ್ನು ಮಾತ್ರ ಹಿಡಿದು ನಿಲ್ಲಿಸುವ ವಿಕಿರಣ ಯಾವುದು?

ಯಾವುದು ಅಳಿಸಿಹೋಗುತ್ತದೆ, ಯಾವುದು ಉಳಿಯುತ್ತದೆ ಎಂಬುದೇ ಕಷ್ಟದ ಪ್ರಶ್ನೆ. ಹೋಮರ್ 1994ರಲ್ಲಿ ಅಂತರಿಕ್ಷಕ್ಕೆ ಹೋಗಿಬಂದರೂ ಮುಂದಿನ ವಾರ ಅದೇ ಸ್ಥಾವರದ ನೌಕರ. ಲೀಸಾ 1995ರ ಅಕ್ಟೋಬರ್ 15ರಂದು ಮಾಂಸ ಬಿಟ್ಟವಳು ಇಂದಿಗೂ ಸಸ್ಯಾಹಾರಿ. ಕಥೆಯೊಳಗೆ ಇದಕ್ಕೆ ನಿಯಮ ಹುಡುಕಿದರೆ ಸಿಗದು, ಹೊರಗೆ ಹುಡುಕಬೇಕು. ಆ ಕಂತಿಗೆ ದನಿ ಕೊಡಲು ಗಾಯಕ ಪಾಲ್ ಮೆಕಾರ್ಟ್ನಿ ಅವರು ಹಾಕಿದ ಷರತ್ತೇ ಲೀಸಾ ಮತ್ತೆ ಮಾಂಸ ತಿನ್ನಬಾರದು ಎಂಬುದು. ಶಿಕ್ಷಕಿ ಕ್ರಬಾಪಲ್ ಪಾತ್ರ ನಿಂತಿದ್ದು ದನಿ ಕೊಡುತ್ತಿದ್ದ ಮಾರ್ಷಾ ವಾಲೇಸ್ ಅವರು 2013ರ ಅಕ್ಟೋಬರ್‌ನಲ್ಲಿ ತೀರಿಕೊಂಡ ಮೇಲೆ. ಮಾತು ಕೊಟ್ಟದ್ದು, ದನಿ ಹೋದದ್ದು ಉಳಿಯುತ್ತವೆ. ಬರೀ ಕಥೆಗಾಗಿ ಆದದ್ದು ಅಳಿಸಿಹೋಗುತ್ತದೆ. ಪೂರ್ತಿ ಹೊಂದುತ್ತದೆ ಎನ್ನಲಾರೆವು. ಮನೋವೈದ್ಯ ಮಾರ್ವಿನ್ ಮನ್ರೋ ಹೆಸರಿನಲ್ಲಿ ಸ್ಮಾರಕ ಆಸ್ಪತ್ರೆಯೇ ಎದ್ದು ನಿಂತ ಮೇಲೆ, 2004ರ ಜನವರಿ 25ರ ಕಂತಿನಲ್ಲಿ ಅವನು ಜೀವಂತ ಬಂದು, ತನಗೆ ಬಹಳ ಕಾಯಿಲೆಯಾಗಿತ್ತು ಎನ್ನುತ್ತಾನೆ.

ಇದರಿಂದ ಇನ್ನೊಂದು ಎಚ್ಚರಿಕೆ ಹುಟ್ಟುತ್ತದೆ. ಕೆಲವು ತಪ್ಪುಗಳು ಬೇಕೆಂದೇ ಮಾಡಿದವು. 1997ರ ಸೆಪ್ಟೆಂಬರ್ 28ರ ಕಂತಿನಲ್ಲಿ (4ಎಫ್23) ಮುಖ್ಯೋಪಾಧ್ಯಾಯ ಸ್ಕಿನ್ನರ್ ನಿಜವಾದ ಸ್ಕಿನ್ನರ್ ಅಲ್ಲ, ಆರ್ಮಿನ್ ಟ್ಯಾಮ್ಜೇರಿಯನ್ ಎಂಬ ಬೇರೊಬ್ಬ ಎಂದು ಬಯಲಾಗುತ್ತದೆ. ಕೊನೆಗೆ ನ್ಯಾಯಾಧೀಶ, ಈ ವಿಷಯ ಎತ್ತಿದವರಿಗೆ ಚಿತ್ರಹಿಂಸೆ ಎಂದು ಆಜ್ಞೆ ಮಾಡಿ ಎಲ್ಲವನ್ನೂ ಮೊದಲಿನಂತೆ ಮಾಡುತ್ತಾನೆ. ಇಂಥದ್ದನ್ನು ಪ್ರಕ್ಷಿಪ್ತ, ಅಂದರೆ ಆಮೇಲೆ ಯಾರೋ ಸೇರಿಸಿದ್ದು, ಎಂದು ಕಿತ್ತುಹಾಕೋಣವೆಂದರೆ 2004ರ ಜನವರಿ 11ರ ಕಂತು ಬಿಡುವುದಿಲ್ಲ. ಅಲ್ಲಿ ಲೀಸಾಳ ಬೆಕ್ಕು ಸ್ನೋಬಾಲ್ 2 ಸಾಯುತ್ತದೆ, ಅದರ ನಂತರ ತಂದ ಎರಡು ಬೆಕ್ಕೂ ಸಾಯುತ್ತವೆ, ಐದನೆಯದು ನೋಡಲು ಎರಡನೆಯದರಂತೆಯೇ ಇರುವುದರಿಂದ ಅದನ್ನೇ ಸ್ನೋಬಾಲ್ 2 ಎನ್ನೋಣ, ಹೊಸ ಬಟ್ಟಲಿನ ಖರ್ಚು ಉಳಿಯಿತು ಎನ್ನುತ್ತಾಳೆ. ಸ್ಕಿನ್ನರ್ ಇದು ಮೋಸವಲ್ಲವೇ ಎಂದರೆ ಅವನನ್ನು ಟ್ಯಾಮ್ಜೇರಿಯನ್ ಎಂದು ಕರೆದು ಬಾಯಿ ಮುಚ್ಚಿಸುತ್ತಾಳೆ. ಕಿತ್ತುಹಾಕಿದ ಓಲೆಯನ್ನು ಇನ್ನೊಂದು ಓಲೆ ಉದ್ಧರಿಸುತ್ತಿದೆ, ಆದ್ದರಿಂದ ಅದು ಪಠ್ಯದ್ದೇ ಭಾಗ. 2010ರ ಫೆಬ್ರವರಿಯ ಕಂತಿನಲ್ಲಿ ಸ್ಕಿನ್ನರ್‌ನ ತಾಯಿ 1952ರ ಒಲಿಂಪಿಕ್ಸ್‌ನಲ್ಲಿ ಸೋತದ್ದು ಹೊಟ್ಟೆಯಲ್ಲಿದ್ದ ಮಗ ಒದ್ದದ್ದರಿಂದ ಎಂದು ಬಂದಾಗ ಜಗಳ ಮತ್ತೆ ಎದ್ದಿತು. ಒದ್ದವನು ನಿಜವಾದ ಸ್ಕಿನ್ನರ್, ಸಿಟ್ಟು ತೀರಿಸಿಕೊಳ್ಳುವುದು ಮನೆಗೆ ಬಂದ ಈ ಸ್ಕಿನ್ನರ್ ಮೇಲೆ ಎಂದರೆ ಎರಡು ಕಂತೂ ಉಳಿಯುತ್ತವೆ. ಇದು ನಮಗೆ ಬಹಳ ಹಿಡಿಸಿದ ಊಹೆ. ಹೊಸ ಲೋಕವನ್ನು ಕಲ್ಪಿಸದೆ, ಇದ್ದ ಪಾತ್ರಗಳ ಮನಸ್ಸಿನಿಂದಲೇ ಎರಡು ತುದಿ ಕೂಡಿಸುತ್ತದೆ.

ಇಂಥ ಪ್ರಶ್ನೆ ಕೇಳುವವರ ಬಗ್ಗೆ ತಯಾರಕರಿಗೆ ಚೆನ್ನಾಗಿ ಗೊತ್ತಿತ್ತು. 1997ರ ಫೆಬ್ರವರಿ 9ರ ಕಂತಿನಲ್ಲಿ ಒಬ್ಬ ನೋಡುಗ, ಕಾರ್ಟೂನಿನೊಳಗಿನ ಕಾರ್ಟೂನಿನಲ್ಲಿ ಇಲಿ ಬೆಕ್ಕಿನ ಒಂದೇ ಪಕ್ಕೆಲುಬನ್ನು ಎರಡು ಸಲ ಬಾರಿಸಿದರೆ ಎರಡು ಬೇರೆ ಸ್ವರ ಹೇಗೆ ಬಂತು ಎಂದು ಕೇಳುತ್ತಾನೆ. 1999ರ ಅಕ್ಟೋಬರ್ 31ರ ಕಂತಿನಲ್ಲಿ ಇಂಥ ಎಲ್ಲ ಪ್ರಶ್ನೆಗೂ ಒಂದೇ ಉತ್ತರ: ಮಂತ್ರವಾದಿ ಮಾಡಿದ. ಅದು ವರ್ಷಕ್ಕೊಮ್ಮೆ ಬರುವ ಭೂತದ ಕಂತು. 1990ರಿಂದ ಬರುತ್ತಿರುವ ಈ ಭೂತದ ಕಂತುಗಳಲ್ಲಿ ಯಾರು ಸತ್ತರೂ ಮುಖ್ಯ ಕಥೆಗೆ ಲೆಕ್ಕವಿಲ್ಲ. ಊಹೆಗೆ ಆಧಾರ ಹುಡುಕುವಾಗ ಇವನ್ನು ಮೊದಲೇ ತೆಗೆದಿಡಬೇಕು; ಎಡವುವವರು ಹೆಚ್ಚಾಗಿ ಎಡವುವುದು ಇಲ್ಲಿ.

ಈ ಕುಟುಂಬದ ಊರಾದ ಸ್ಪ್ರಿಂಗ್‌ಫೀಲ್ಡ್ ಯಾವ ರಾಜ್ಯದಲ್ಲಿದೆ ಎಂಬ ಹುಡುಕಾಟವೂ ತಮ್ಮ ಬರಹದಲ್ಲಿದೆ. ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಇರುವ ಊರಿನವರಿಗೆ ಈ ಆಟದ ಸುಖ ಗೊತ್ತು. ಮಾಲ್ಗುಡಿ ಮೈಸೂರೇ, ಬೇರೆಯೇ ಎಂದು ನದಿ, ಸ್ಟೇಷನ್, ಬೀದಿ ಹಿಡಿದು ವಾದಿಸಿದವರು ಎಷ್ಟು ಮಂದಿ. 2007ರ ಸಿಂಪ್ಸನ್ಸ್ ಸಿನಿಮಾದಲ್ಲಿ ನೆರೆಮನೆಯ ಫ್ಲಾಂಡರ್ಸ್ ಬೆಟ್ಟದ ಮೇಲೆ ನಿಂತು ತಮ್ಮ ರಾಜ್ಯಕ್ಕೆ ಒಹಾಯೊ, ನೆವಾಡ, ಮೇನ್, ಕೆಂಟಕಿ ಗಡಿ ಎನ್ನುತ್ತಾನೆ. ನಕ್ಷೆ ಬಿಡಿಸಿದರೆ ಈ ನಾಲ್ಕನ್ನೂ ಮುಟ್ಟುವ ರಾಜ್ಯ ಇರಲಾರದು. ಅಮೆರಿಕದ ಹಲವು ರಾಜ್ಯಗಳಲ್ಲಿ ಈ ಹೆಸರಿನ ಊರಿದೆ. ಒರೆಗಾನ್‌ನ ಸ್ಪ್ರಿಂಗ್‌ಫೀಲ್ಡ್‌ನಿಂದ ಹೆಸರು ತೆಗೆದುಕೊಂಡದ್ದಾಗಿ ಗ್ರೇನಿಂಗ್ 2012ರಲ್ಲಿ ಹೇಳಿದ್ದಾರೆ. ಅವರು ಬೆಳೆದದ್ದು ಅದೇ ರಾಜ್ಯದ ಪೋರ್ಟ್‌ಲೆಂಡ್‌ನಲ್ಲಿ, ಎವರ್‌ಗ್ರೀನ್ ಟೆರೇಸ್ ಎಂಬ ಬೀದಿಯಲ್ಲಿ. ಹೆಸರು ಎಲ್ಲಿಂದ ಬಂತು ಎನ್ನುವುದು ಒಂದು, ಊರು ಎಲ್ಲಿದೆ ಎನ್ನುವುದು ಇನ್ನೊಂದು. ಬರಹದಲ್ಲಿ ಇವೆರಡೂ ಕಲಸಿಹೋಗಿವೆ.

ಊಹೆ ಕಟ್ಟಲು ಹೊರಟವರು ಒಂದು ನೋಟ್‌ಬುಕ್ ಇಟ್ಟುಕೊಳ್ಳಲಿ. ಒಂದಕ್ಕೊಂದು ಹೊಂದದ ಎರಡು ಸಂಗತಿಗಳನ್ನು ಎದುರುಬದುರು ಪುಟದಲ್ಲಿ ಬರೆದು, ಪ್ರತಿಯೊಂದರ ಪಕ್ಕ ನಿರ್ಮಾಣ ಸಂಖ್ಯೆ, ಪ್ರಸಾರ ದಿನಾಂಕ, ನಿಮಿಷ ಸೆಕೆಂಡು ಹಾಕಲಿ. ಚಿತ್ರದಲ್ಲಿ ಕಂಡದ್ದೇ, ಪಾತ್ರ ಬಾಯಲ್ಲಿ ಹೇಳಿದ್ದೇ ಎಂದು ಗುರುತಿಸಲಿ. ಹೋಮರ್‌ನ ಅಪ್ಪ ಹೇಳುವ ಹಳೆಯ ಕಾಲದ ಕಥೆಗಳನ್ನು ಸಾಕ್ಷ್ಯಕ್ಕೆ ಹಿಡಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಭೂತದ ಕಂತು, ಕನಸು, ಕಥೆಯೊಳಗಿನ ಕಥೆ ಆಗಿದ್ದರೆ ಅಲ್ಲಿಗೇ ಬಿಡಲಿ. ಉಳಿದದ್ದರಲ್ಲಿ ಬಣ್ಣ, ಲೇಔಟ್, ಪ್ರಸಾರ ಕ್ರಮ, ಕತ್ತರಿಸಿದ ಪರದೆ, ಜಾರುವ ಕಾಲ ಇವುಗಳಲ್ಲಿ ಯಾವುದಕ್ಕೂ ಸಿಗದೆ ಉಳಿದದ್ದು ಬಹಳ ಕಡಿಮೆ ಇರುತ್ತದೆ. ಆ ಉಳಿದದ್ದರ ಮೇಲೆ ಕಟ್ಟಿದ ಊಹೆ ಗಟ್ಟಿ. ಕಟ್ಟಿದ ಮೇಲೆ, ತಾನು ಇನ್ನೂ ನೋಡದ ಮೂರು ಕಂತಿನಲ್ಲಿ ಆ ಊಹೆಯ ಪ್ರಕಾರ ಏನಿರಬೇಕೆಂದು ಮೊದಲು ಬರೆದಿಟ್ಟು ಆಮೇಲೆ ಕಂತು ಹಾಕಲಿ.

ತಮ್ಮಲ್ಲಿ ಕೋರಿಕೆ ಇಷ್ಟು. ಪುರವಣಿಯಲ್ಲಿ ಇಂಥ ಊಹೆಗಳನ್ನು ಧಾರಾಳವಾಗಿ ಹಾಕಿ, ಮಕ್ಕಳು ಓದುತ್ತಾರೆ. ಶೀರ್ಷಿಕೆಯಲ್ಲಿ 'ಅಭಿಮಾನಿಗಳ ಊಹೆ' ಎಂಬ ಮಾತಿರಲಿ, ಕಂತಿನ ಪ್ರಸಾರ ದಿನಾಂಕವಿರಲಿ. ಮುಂದಿನ ಭಾನುವಾರ ತಿದ್ದುಪಡಿಗೆ ಜಾಗವಾದರೆ ಇಷ್ಟು ಅಚ್ಚಾಗಲಿ: ಹೋಮರ್ ಕೋಮಾಕ್ಕೆ ಹೋದದ್ದು 1993ರ ಏಪ್ರಿಲ್ 1ರ ಕಂತಿನಲ್ಲಿ, ಮಿಠಾಯಿ ಯಂತ್ರ ಮೈಮೇಲೆ ಬಿದ್ದು, ಅದೇ ಕಂತಿನಲ್ಲಿ ಎಚ್ಚರಗೊಂಡಿದ್ದಾನೆ. ಬಾರ್ಟ್ 1992ರ ಜನವರಿ 9ರಂದೇ ಹುಟ್ಟುಹಬ್ಬ ಆಚರಿಸಿಕೊಂಡು 10ರಲ್ಲೇ ಉಳಿದಿದ್ದಾನೆ.

ಇತಿ ತಮ್ಮ ವಿಶ್ವಾಸಿಗಳು,
ಕಾರ್ಟೂನ್ ಆಸಕ್ತ ಓದುಗರು
ಸರಸ್ವತಿಪುರಂ, ಮೈಸೂರು